ದಿನ್ನೆ ಅಗೆಯುವಾಗ

ಆದವಾನಿಯಿಂದ ಪೂರ್ವಕ್ಕೆ ಗೋನೆಗಂಡ್ಲದ ಕಡೆ ಹೋದರೆ ಹಂದ್ರಿ ನದಿಗೆ ಕಟ್ಟಿದ ಅಣೆಕಟ್ಟು ಸಿಗುತ್ತದೆ. ಸಂಜೀವಯ್ಯ ಸಾಗರವೆಂಬ ಹೆಸರಿದ್ದರೂ ಅದು ಗಾಜುಲದಿನ್ನೆ ಎಂದೇ ಪ್ರಸಿದ್ಧ. ತೆಲುಗಿನಲ್ಲಿ 'ಗಾಜುಲು' ಎಂದರೆ ಬಳೆಗಳು. ದಿನ್ನೆಯಂತೂ ನಮ್ಮ ದಿನ್ನೆಯೇ. ಈ ಊರಿಗೆ ಹೆಸರು ಬಂದ ಕತೆ ಬೇರೆ ಇರಬಹುದು. ಆದರೆ ಹಾಳೂರ ದಿಬ್ಬಗಳಲ್ಲಿ ಮಳೆ ಬಿದ್ದ ಮೇಲೆ ಬಳೆಚೂರು, ಮಡಕೆಯ ಒಡಕು, ಬೂದಿಮಣ್ಣು ಎದ್ದು ಕಾಣುವುದನ್ನು ಹಳ್ಳಿಯವರೆಲ್ಲ ಬಲ್ಲರು. ಅಂಥ ದಿಬ್ಬದ ಮೇಲೆ ಮನೆ, ಕಾಲುವೆ, ರಸ್ತೆ ಬರುವಾಗ ಪಾಯ ತೋಡುವವನ ಪಕ್ಕದಲ್ಲಿ ತಿಳಿದವರೊಬ್ಬರು ನಿಂತಿರಬೇಕು ಎಂಬುದಷ್ಟೇ ನನ್ನ ವಾದ.

ಇದು ಆ ಸೀಮೆಯ ಕನ್ನಡಿಗರಿಗೆ ಏಕೆ ಮುಖ್ಯ? ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮೂರು ವರ್ಷಗಳ ನಂತರ ಕಾಸರಗೋಡಿಗೆ ಆದದ್ದನ್ನು ನಮ್ಮ ಓದುಗರಿಗೆ ಹೇಳಬೇಕಿಲ್ಲ. ಕಚೇರಿಯ ಕಾಗದಗಳಿಂದ ಕನ್ನಡ ಹಿಂದೆ ಸರಿದರೂ ಕಲ್ಲುಗಳಲ್ಲಿ ಉಳಿದಿದೆ. ಆಲೂರು ಸೀಮೆಯ ಹಾಲಹರವಿಯ ಕ್ರಿ.ಶ. 932ರ ಶಾಸನದಲ್ಲಿ, ರಾಷ್ಟ್ರಕೂಟ ಮನೆತನದ ಕನ್ನರನ ಮಡದಿ ಚಂದಿಯಬ್ಬೆ ಸಿಂದವಾಡಿ ಸಾಸಿರವನ್ನು ಆಳುತ್ತಿದ್ದಳೆಂದೂ ನಂದವರದಲ್ಲಿ ಬಸದಿ ಕಟ್ಟಿಸಿದಳೆಂದೂ ಇದೆ. ಒಂದು ನಾಡನ್ನು ಹೆಣ್ಣೊಬ್ಬಳು ಆಳಿದ ಸಂಗತಿ ಒಂದು ಬಂಡೆಯ ಮೇಲೆ ನಿಂತಿದೆ! ಆ ಕಲ್ಲು ಯಾರದೋ ಕೊಟ್ಟಿಗೆಯ ಪಾಯಕ್ಕೆ ಹೋಗಿದ್ದರೆ?

ಕೆಲಸ ಸರಿಯಾಗಿ ನಡೆದ ಉದಾಹರಣೆಯೂ ದೂರವಿಲ್ಲ. ಹಂದ್ರಿ ಕರ್ನೂಲಿನಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಮುಂದೆ ಕೂಡವೆಲ್ಲಿಯಲ್ಲಿ ಕೃಷ್ಣೆಯನ್ನು. ಆ ಸಂಗಮದಲ್ಲಿದ್ದ ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯ ಶ್ರೀಶೈಲ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕುವುದೆಂದು ಗೊತ್ತಾದಾಗ ಅದನ್ನು ಬಿಚ್ಚಿ ಆಲಂಪುರದಲ್ಲಿ ಮತ್ತೆ ನಿಲ್ಲಿಸಿದರು. ಪಾಪನಾಶಿಯ ಗುಡಿಗಳನ್ನೂ ಹಾಗೆಯೇ ಸಾಗಿಸಿದರು. ಇಂಥ ಕೆಲಸದಲ್ಲಿ ಪ್ರತಿ ಕಲ್ಲಿಗೂ ಅಂಕೆ, ಪ್ರತಿ ವರಸೆಗೂ ನಕ್ಷೆ ಬೇಕು. ಒಂದು ಕಲ್ಲು ಅದಲುಬದಲಾದರೂ ಶಿಖರ ಕೂಡುವುದಿಲ್ಲ.

ದೊಡ್ಡ ಅಣೆಕಟ್ಟಿಗೆ ಇಲಾಖೆ ಬರುತ್ತದೆ. ಇಪ್ಪತ್ತಡಿ ಮನೆಗೆ ಯಾರು ಬರುತ್ತಾರೆ? 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಕಟ್ಟಡ ನಿಷಿದ್ಧ, ಅದರಾಚೆಯ ಇನ್ನೂರು ಮೀಟರಿಗೆ ಅನುಮತಿ ಬೇಕು. ಪಟ್ಟಿಯಲ್ಲಿಲ್ಲದ ದಿನ್ನೆಗೆ ಈ ರಕ್ಷಣೆ ಇಲ್ಲ. ಇನ್ನೊಂದು, 1878ರ ನಿಧಿ ಕಾಯಿದೆ: ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿ ಬೆಲೆ ಮೀರಿದರೆ ಕಲೆಕ್ಟರರಿಗೆ ತಿಳಿಸಬೇಕು. (ಅಂದಿನ ಹತ್ತು ರೂಪಾಯಿ!) ಇದರ ಹೆಸರು ಕೇಳಿದರೇ ಬಡವನಿಗೆ ಭಯ. ನಿವೇಶನ ಹೋದೀತು, ಕೆಲಸ ನಿಂತೀತು ಎಂದು ಅಕ್ಷರವಿದ್ದ ಮುಖವನ್ನು ಕೆಳಗೆ ಮಾಡಿ ಕಲ್ಲನ್ನು ಹೂತರೆ, ಅವನನ್ನು ಬೈದು ಫಲವಿಲ್ಲ. ಎರಡು ದಿನ ನಿಂತ ಕೆಲಸದ ಕೂಲಿಯನ್ನು ಕಟ್ಟಿಕೊಡುವ ಏರ್ಪಾಡಿದ್ದರೆ ಅರ್ಧ ಭಯ ಹೋದೀತು ಎಂದು ನನ್ನ ಅನಿಸಿಕೆ.

ನೋಡುವ ಕೆಲಸವೇನೂ ದೊಡ್ಡದಲ್ಲ. ಹಳೆಯ ಗೋಡೆ ಕಂಡೊಡನೆ ಯಂತ್ರ ನಿಲ್ಲಿಸಿ, ಗುದ್ದಲಿಯನ್ನೂ ಬದಿಗಿಟ್ಟು, ಕರಣೆಯಿಂದ ಮಣ್ಣು ಸರಿಸಬೇಕು. ಗೋಡೆ ಎಷ್ಟು ಆಳದಲ್ಲಿದೆ, ಯಾವ ದಿಕ್ಕಿಗೆ ಓಡುತ್ತದೆ, ಮೇಲಿನ ಮಣ್ಣಿನ ಪದರ ಯಾವ ಬಣ್ಣ ಎಂದು ಬರೆದು, ಅಳತೆಕೋಲಿಟ್ಟು ಚಿತ್ರ ತೆಗೆಯಬೇಕು. ಶಾಸನವಾದರೆ ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ, ಕಲ್ಲಿಗೆ ನೋವಿಲ್ಲ. ಆಮೇಲೆ ಮನೆ ಏಳಲಿ. ನಮ್ಮ ಬೇಕಲ ಕೋಟೆಯೊಳಗೂ ಪುರಾತತ್ವದವರು ಅಗೆದು ಹಳೆಯ ಕಟ್ಟಡಗಳ ಪಾಯಗಳನ್ನು ಹೊರತಂದರು. ಕೋಟೆಯ ಹೊರಗೆ, ತೋಟದ ಬಾವಿ ತೋಡುವಲ್ಲಿ, ಹೆದ್ದಾರಿ ಅಗಲಿಸುವಲ್ಲಿ ಆ ಕರಣೆ ಹಿಡಿಯುವವರು ಊರ ಮೇಷ್ಟ್ರು, ಓದುವ ಹುಡುಗರು.