ವಿಷಯವನ್ನು ಬಿಡುವುದು, ವಿಷಯದಿಂದ ಹಿಂದೆಗೆಯುವುದು: ಕಾಲೇಜು ದಾಖಲೆಯ ಚರಿತ್ರೆಯಲ್ಲಿ ಒಂದು ಭೇದ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಾಲೇಜುಗಳಲ್ಲಿ, ಆರಿಸಿಕೊಂಡ ಪಾಠವಿಷಯವೊಂದನ್ನು ನಡುವೆಯೇ ತೊರೆಯುವುದಕ್ಕೆ ಎರಡು ಹೆಸರುಗಳಿವೆ. ಅವಧಿಯ ಆರಂಭದಲ್ಲಿ, ಗೊತ್ತುಪಡಿಸಿದ ತೇದಿಯೊಳಗೆ ತೊರೆದರೆ ಅದು 'ಡ್ರಾಪ್'. ಅಂಥ ವಿಷಯ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಆ ತೇದಿ ಕಳೆದ ಮೇಲೆ ತೊರೆದರೆ ಅದು 'ವಿತ್‌ಡ್ರಾ'. ವಿಷಯದ ಹೆಸರು ಪಟ್ಟಿಯಲ್ಲಿ ಉಳಿದು, ಅದರ ಮುಂದೆ ಡಬ್ಲ್ಯು ಎಂಬ ಅಕ್ಷರ ಬೀಳುತ್ತದೆ. ಆ ಅಕ್ಷರ ಅಂಕಗಳ ಸರಾಸರಿಯನ್ನು ತಗ್ಗಿಸುವುದಿಲ್ಲ. ಮೇಲುನೋಟಕ್ಕೆ ಇದು ಕಚೇರಿಯ ಗುಮಾಸ್ತರಿಗೆ ಸೇರಿದ ಸಣ್ಣ ವಿಚಾರವೆಂದು ತೋರಬಹುದು. ಆದರೆ ಈ ಭೇದದ ಹಿಂದೆ ಸುಮಾರು ಒಂದೂವರೆ ಶತಮಾನದ ಚರಿತ್ರೆಯಿದೆ. ಆಯ್ಕೆ, ಅಳತೆ, ಹಣ ಎಂಬ ಮೂರು ಶಕ್ತಿಗಳು ಇದನ್ನು ರೂಪಿಸಿದ ಬಗೆಯನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆರಿಸಿಕೊಳ್ಳದವನಿಗೆ ಬಿಡುವ ಪ್ರಶ್ನೆಯೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಭಾಗದ ಅಮೆರಿಕನ್ ಕಾಲೇಜುಗಳಲ್ಲಿ ಲ್ಯಾಟಿನ್, ಗ್ರೀಕ್, ಗಣಿತಗಳು ಎಲ್ಲರಿಗೂ ಕಡ್ಡಾಯವಾಗಿದ್ದುವು. 1825ರಲ್ಲಿ ಪಾಠಗಳನ್ನು ಆರಂಭಿಸಿದ ವರ್ಜಿನಿಯಾ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಜೆಫರ್ಸನ್ ಎಂಟು ಶಾಖೆಗಳನ್ನೇರ್ಪಡಿಸಿ, ಅವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವಿದ್ಯಾರ್ಥಿಗಳಿಗೆ ಕೊಟ್ಟನು. ಯೇಲ್ ಕಾಲೇಜಿನ ಅಧ್ಯಾಪಕರಾದರೋ 1828ರ ತಮ್ಮ ಪ್ರಸಿದ್ಧ ವರದಿಯಲ್ಲಿ ಹಳೆಯ ಪಾಠಕ್ರಮವನ್ನೇ ಸಮರ್ಥಿಸಿದರು. ನಿರ್ಣಾಯಕವಾದ ತಿರುವು ಬಂದುದು 1869ರಲ್ಲಿ ಚಾರ್ಲ್ಸ್ ಎಲಿಯಟ್ ಹಾರ್ವರ್ಡಿನ ಅಧ್ಯಕ್ಷನಾದಾಗ. ಆತನು ನಲವತ್ತು ವರ್ಷಗಳ ಕಾಲ ಆ ಪೀಠದಲ್ಲಿದ್ದು, ಐಚ್ಛಿಕ ವಿಷಯಗಳ ಪದ್ಧತಿಯನ್ನು ಹೆಜ್ಜೆಹೆಜ್ಜೆಯಾಗಿ ವಿಸ್ತರಿಸಿದನು. 1897ರ ವೇಳೆಗೆ ಅಲ್ಲಿ ಕಡ್ಡಾಯವಾಗಿ ಉಳಿದಿದ್ದುದು ಮೊದಲ ವರ್ಷದ ಇಂಗ್ಲಿಷ್ ರಚನೆ ಮಾತ್ರ. ಪ್ರಿನ್ಸ್‌ಟನ್ನಿನ ಅಧ್ಯಕ್ಷ ಜೇಮ್ಸ್ ಮೆಕಾಷ್ 1885ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ವಾದದಲ್ಲಿ ಎಲಿಯಟ್‌ನನ್ನು ಬಹಿರಂಗವಾಗಿ ಎದುರಿಸಿದನು. ಎಳೆಯ ವಿದ್ಯಾರ್ಥಿಗೆ ತನಗೆ ಯಾವುದು ತಕ್ಕದ್ದೆಂಬುದು ತಿಳಿದೀತೆ ಎಂಬುದೇ ಅವರ ವಿವಾದದ ತಿರುಳು. ಈ ಪ್ರಶ್ನೆಯಲ್ಲಿಯೇ ನಮ್ಮ ವಿಷಯದ ಬೀಜವಿದೆ. ಆಯ್ಕೆಯನ್ನು ಕೊಟ್ಟ ಮೇಲೆ ತಪ್ಪು ಆಯ್ಕೆಯ ಸಂಭವವನ್ನೂ ಒಪ್ಪಿಕೊಂಡಂತಾಯಿತು. ಹಿಂದಿರುಗುವ ದಾರಿಯನ್ನು ಕಲ್ಪಿಸುವುದು ಅನಿವಾರ್ಯವಾಯಿತು.

ಎರಡನೆಯ ಶಕ್ತಿ ಅಳತೆ. ಎಲ್ಲರೂ ಒಂದೇ ಪಾಠವನ್ನು ಓದುತ್ತಿದ್ದಾಗ ಯಾರು ಎಷ್ಟು ಓದಿದರೆಂದು ಎಣಿಸುವ ಅಗತ್ಯವಿರಲಿಲ್ಲ. ಒಬ್ಬೊಬ್ಬನೂ ಒಂದೊಂದು ಬಗೆಯ ವಿಷಯಗಳನ್ನು ಓದತೊಡಗಿದಾಗ ಅವನ್ನು ಹೋಲಿಸಲು ಸಮಾನವಾದ ಮಾನ ಬೇಕಾಯಿತು. ಅಧ್ಯಾಪಕರ ನಿವೃತ್ತಿವೇತನಕ್ಕಾಗಿ 1905ರಲ್ಲಿ ಸ್ಥಾಪಿತವಾದ ಕಾರ್ನೆಗೀ ಪ್ರತಿಷ್ಠಾನವು, ಯಾವ ಕಾಲೇಜುಗಳು ಆ ನೆರವಿಗೆ ಅರ್ಹವೆಂಬುದನ್ನು ನಿಶ್ಚಯಿಸುವಾಗ ಪ್ರೌಢಶಾಲೆಯ ಓದನ್ನು 'ಯೂನಿಟ್' ಎಂಬ ಮಾನದಿಂದ ಅಳೆಯಿತು. ಒಂದು ವಿಷಯದಲ್ಲಿ ವರ್ಷಕ್ಕೆ ಸುಮಾರು 120 ಗಂಟೆಗಳ ಪಾಠವೆಂದರೆ ಒಂದು ಯೂನಿಟ್. ಇದೇ ದಾರಿಯಲ್ಲಿ ಕಾಲೇಜುಗಳಲ್ಲಿ 'ಕ್ರೆಡಿಟ್' ನೆಲೆಗೊಂಡಿತು. ಅಂಕಪಟ್ಟಿ ಈಗ ಒಂದು ಲೆಕ್ಕದ ಪುಸ್ತಕವಾಯಿತು. ಲೆಕ್ಕದ ಪುಸ್ತಕದಲ್ಲಿ ಒಮ್ಮೆ ಬರೆದುದನ್ನು ಕಾರಣವಿಲ್ಲದೆ ಅಳಿಸುವಂತಿಲ್ಲ.

ಮೂರನೆಯದು ಸರ್ಕಾರದ ಹಣ. ಯುದ್ಧದಿಂದ ಮರಳಿದ ಸೈನಿಕರ ವಿದ್ಯಾಭ್ಯಾಸದ ವೆಚ್ಚವನ್ನು 1944ರ ಕಾನೂನು ವಹಿಸಿಕೊಂಡಿತು. 1965ರ ಉನ್ನತ ಶಿಕ್ಷಣ ಕಾನೂನು ನೆರವನ್ನು ಇತರ ವಿದ್ಯಾರ್ಥಿಗಳಿಗೂ ವಿಸ್ತರಿಸಿತು. ಹಣ ಕೊಟ್ಟವರು ಲೆಕ್ಕ ಕೇಳುವುದು ಸಹಜ. ಮಾಜಿ ಸೈನಿಕನು ಸಕಾರಣವಿಲ್ಲದೆ ಹಿಂದೆಗೆದ ವಿಷಯಕ್ಕೆ ನೆರವು ಸಲ್ಲದೆಂದು 1976ರ ತಿದ್ದುಪಡಿ ವಿಧಿಸಿತು. ಇಂದು ಕೇಂದ್ರ ಸರ್ಕಾರದ ನೆರವನ್ನು ಪಡೆಯುವವರು, ಪದವಿಗೆ ಗೊತ್ತಾದ ಕ್ರೆಡಿಟ್ಟುಗಳ ಶೇಕಡಾ 150ನ್ನು ಮೀರದಂತೆ ಓದನ್ನು ಮುಗಿಸಬೇಕು. ಪದವಿಗೆ 120 ಕ್ರೆಡಿಟ್ಟುಗಳು ಬೇಕಾದರೆ 180ರೊಳಗೆ ಮುಗಿಸಬೇಕೆಂದರ್ಥ. ಹಿಂದೆಗೆದ ವಿಷಯವು ಈ 180ರಲ್ಲಿ ಸೇರುತ್ತದೆ, ಮುಗಿಸಿದ 120ರಲ್ಲಿ ಸೇರುವುದಿಲ್ಲ. ಸಕಾಲದಲ್ಲಿ ಬಿಟ್ಟ ವಿಷಯವಾದರೋ ಸಾಮಾನ್ಯವಾಗಿ ಎರಡರಲ್ಲಿಯೂ ಸೇರುವುದಿಲ್ಲ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಸರಾಸರಿಗೆ ಸೋಂಕದ ಅಕ್ಷರವು ಬಡ ವಿದ್ಯಾರ್ಥಿಯ ನೆರವಿಗೆ ಸೋಂಕುತ್ತದೆ. ತನ್ನ ಹಣದಿಂದಲೇ ಓದುವವನಿಗೆ ಡಬ್ಲ್ಯು ಒಂದು ಅಕ್ಷರ ಮಾತ್ರ. ನೆರವಿನಿಂದ ಓದುವವನಿಗೆ ಅದು ಖರ್ಚಾದ ಕಾಲ. ಕಾಯಿಲೆ, ಮನೆಯ ತೊಂದರೆ, ಜೀವನೋಪಾಯದ ಕೆಲಸ, ಇವು ಕಚೇರಿಯ ತೇದಿಯನ್ನು ನೋಡಿಕೊಂಡು ಬರುವುವಲ್ಲ. ಹೀಗಿರಲು ಒಂದೇ ಕಾರಣದಿಂದ ಒಂದೇ ವಿಷಯವನ್ನು ತೊರೆದ ಇಬ್ಬರಲ್ಲಿ ಒಬ್ಬನ ದಾಖಲೆ ನಿರ್ಮಲವಾಗಿಯೂ ಇನ್ನೊಬ್ಬನದು ಪ್ರಶ್ನಾರ್ಹವಾಗಿಯೂ ಕಾಣುವುದು ಅಸಂಭವವಲ್ಲ. ಇದಕ್ಕೆ ಪರ್ಯಾಯವೂ ಚರಿತ್ರೆಯಲ್ಲಿದೆ. ವಿದ್ಯಾರ್ಥಿಗಳ ಒತ್ತಾಯದ ಫಲವಾಗಿ ಬ್ರೌನ್ ವಿಶ್ವವಿದ್ಯಾನಿಲಯವು 1969ರಲ್ಲಿ ಅಂಗೀಕರಿಸಿದ ಹೊಸ ಪಾಠಕ್ರಮದಲ್ಲಿ, ತೇರ್ಗಡೆಯಾಗದ ವಿಷಯವನ್ನು ಹೊರಗಿನವರಿಗೆ ಕೊಡುವ ದಾಖಲೆಯಲ್ಲಿ ಕಾಣಿಸುವುದೇ ಬೇಡವೆಂದಾಯಿತು. ಕಲಿತುದನ್ನು ಮಾತ್ರ ದಾಖಲಿಸುವುದು ಅದರ ತತ್ತ್ವ.

ನಮ್ಮ ದೇಶದ ಸ್ಥಿತಿ ಬೇರೆಯಾಗಿತ್ತು. 1857ರ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಮೊದಲಿಗೆ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದುವು. ಪಾಠ ಕಾಲೇಜಿಗೆ ಸೇರಿದ್ದು. ವಿಷಯಗಳ ಕಟ್ಟು ಒಂದೇ ಆದುದರಿಂದ ಒಂದನ್ನು ಬಿಟ್ಟು ಉಳಿದವನ್ನು ಹಿಡಿಯುವ ಅವಕಾಶ ಅಲ್ಪ. ಇದ್ದ ದಾರಿ ಪರೀಕ್ಷೆಗೆ ಕೂಡದಿರುವುದು, ಇಲ್ಲವೆ ಕಾಲೇಜನ್ನೇ ಬಿಡುವುದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2015ರಲ್ಲಿ ಆಯ್ಕೆಯಾಧಾರಿತ ಕ್ರೆಡಿಟ್ ಪದ್ಧತಿಗೆ ಮಾರ್ಗಸೂಚಿಗಳನ್ನು ಹೊರಡಿಸಿತು. 2021ರಲ್ಲಿ ಕ್ರೆಡಿಟ್ ಸಂಚಯದ ನಿಯಮಗಳು ಬಂದುವು. ಕರ್ನಾಟಕವು 2021ರಲ್ಲಿ ಕೈಗೊಂಡ ನಾಲ್ಕು ವರ್ಷದ ಪದವಿಯ ಏರ್ಪಾಡನ್ನು 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದರೂ ಕ್ರೆಡಿಟ್ ಎಂಬ ಅಳತೆ ಉಳಿದಿದೆ. ಕೆಲವು ಸ್ವಾಯತ್ತ ಇಂಜಿನಿಯರಿಂಗ್ ಕಾಲೇಜುಗಳ ನಿಯಮಾವಳಿಗಳಲ್ಲಿ ಬಿಡುವಿಕೆ, ಹಿಂದೆಗೆತ ಎರಡಕ್ಕೂ ಪ್ರತ್ಯೇಕ ವಿಧಿಗಳು ಕಾಣುತ್ತವೆ.

ಆದುದರಿಂದ ಈ ಚರಿತ್ರೆ ನಮಗೆ ಪರಕೀಯವಲ್ಲ. ಆಯ್ಕೆ, ಅಳತೆ, ಹಣ ಇವು ಅಮೆರಿಕಾದಲ್ಲಿ ಒಂದಾದ ಮೇಲೊಂದರಂತೆ ಬಂದುವು. ಒಂದೊಂದಕ್ಕೂ ಹೊಂದಿಕೊಳ್ಳಲು ಅಲ್ಲಿನ ಕಾಲೇಜುಗಳಿಗೆ ಕಾಲ ದೊರೆಯಿತು. ನಮ್ಮಲ್ಲಿ ಅಳತೆ ಮೊದಲು ಬಂದು, ಆಯ್ಕೆ ಅದನ್ನು ಹಿಂಬಾಲಿಸುತ್ತಿದೆ. ಕ್ರೆಡಿಟ್ಟನ್ನು ಎಣಿಸಲು ಕಲಿತ ಕಾಲೇಜು, ವಿದ್ಯಾರ್ಥಿ ಯಾವ ತೇದಿಯವರೆಗೆ ತನ್ನ ಆಯ್ಕೆಯನ್ನು ಕುರುಹಿಲ್ಲದೆ ಬದಲಾಯಿಸಬಹುದು, ಆ ತೇದಿಯನ್ನು ಅವನಿಗೆ ತಿಳಿಸುವ ಹೊಣೆ ಯಾರದು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಮೆಕಾಷ್ ಎತ್ತಿದ ಸಂದೇಹಕ್ಕೆ ಎಲಿಯಟ್‌ನ ಪದ್ಧತಿ ಕೊಡಬಹುದಾದ ಉತ್ತರ ಇದೊಂದೇ: ವಿದ್ಯಾರ್ಥಿ ತಪ್ಪಾಗಿ ಆರಿಸಿಕೊಳ್ಳಬಹುದು, ಹಾಗಾದಾಗ ತಿದ್ದಿಕೊಳ್ಳಲು ಅವನಿಗೆ ಕಾಲವೂ ತಿಳಿವಳಿಕೆಯೂ ದೊರೆಯಬೇಕು.