ಕಲ್ಪಗ್ರಂಥಗಳಲ್ಲಿ ದೇವತಾಹ್ವಾನ ಮತ್ತು ಗ್ರಹಮೋಕ್ಷ: ಮಾನ್ಯಖೇಟದಿಂದ ವಿಜಾಪುರದವರೆಗೆ

ಜೈನ ಭಂಡಾರಗಳ ಹಸ್ತಪ್ರತಿಸೂಚಿಗಳಲ್ಲಿ ಸಿದ್ಧಾಂತ, ನ್ಯಾಯ, ಪುರಾಣ, ವ್ಯಾಕರಣಗಳ ಜೊತೆಗೆ ‘ಕಲ್ಪ’ವೆಂಬ ಪದದಿಂದ ಕೊನೆಗೊಳ್ಳುವ ಕೆಲವು ಗ್ರಂಥಗಳು ಕಾಣಸಿಗುತ್ತವೆ. ದೇವತೆಯನ್ನು ಆಹ್ವಾನಿಸುವ, ಭೂತಪಿಶಾಚಗಳ ಬಾಧೆಯನ್ನು ಬಿಡಿಸುವ ವಿಧಿಗಳನ್ನು ಹೇಳುವ ಗ್ರಂಥಗಳಿವು. ಇವುಗಳ ವಿಷಯದಲ್ಲಿ ವಿದ್ವಾಂಸರ ಧೋರಣೆ ಎರಡು ತೆರನಾದುದು. ವೀತರಾಗನ ಉಪಾಸನೆಗೆ ಇವು ಕಲಂಕವೆಂದು ಕೆಲವರು ದೂರವಿರಿಸುತ್ತಾರೆ. ಗುರುಪರಂಪರೆಯ ರಹಸ್ಯವಾದುದರಿಂದ ಬಹಿರಂಗ ಚರ್ಚೆಗೆ ಸಲ್ಲವೆಂದು ಮತ್ತೆ ಕೆಲವರು ಮುಚ್ಚಿಡುತ್ತಾರೆ. ಕಾರಣಗಳು ಭಿನ್ನವಾದರೂ ಫಲ ಒಂದೇ. ಅಕ್ಷರಶುದ್ಧಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೇಡುವ ಈ ಸಾಹಿತ್ಯಕ್ಕೆ ಪಾಠಪರಿಷ್ಕರಣದ ಶ್ರಮ ಸಲ್ಲಬೇಕಾದಷ್ಟು ಸಲ್ಲಲಿಲ್ಲ.

ಅಕ್ಷರಶುದ್ಧಿಯ ಮಾತು ಆಗಮಪರಂಪರೆಯಷ್ಟೇ ಹಳೆಯದು. ವೀರಸೇನಾಚಾರ್ಯರ ಧವಲಾಟೀಕೆಯಲ್ಲಿ ಬರುವ ವೃತ್ತಾಂತವನ್ನು ಪಂಡಿತರೆಲ್ಲ ಬಲ್ಲರು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮಲ್ಲಿಗೆ ಬಂದ ಇಬ್ಬರು ಮುನಿಗಳನ್ನು ಪರೀಕ್ಷಿಸಲು ಎರಡು ವಿದ್ಯೆಗಳನ್ನು ಕೊಟ್ಟರು. ಒಂದರಲ್ಲಿ ಅಕ್ಷರ ಅಧಿಕ, ಇನ್ನೊಂದರಲ್ಲಿ ಅಕ್ಷರ ಹೀನ. ಉಪವಾಸವಿದ್ದು ಸಾಧಿಸಿದಾಗ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹಲ್ಲು ಮುಂಚಾಚಿತ್ತು, ಮತ್ತೊಬ್ಬಳಿಗೆ ಒಂದೇ ಕಣ್ಣು. ವಿಕೃತಾಂಗತ್ವವು ದೇವತೆಗಳ ಸ್ವಭಾವವಲ್ಲವೆಂದು ಬಗೆದ ಮುನಿಗಳು ಮಂತ್ರವ್ಯಾಕರಣದ ಬಲದಿಂದ ಅಧಿಕವನ್ನು ತೆಗೆದು, ಹೀನವನ್ನು ತುಂಬಿ ಮತ್ತೆ ಜಪಿಸಿದರು. ದೇವತೆಗಳು ಸಹಜರೂಪದಿಂದ ಬಂದರು. ಆಮೇಲೆಯೇ ಪುಷ್ಪದಂತ-ಭೂತಬಲಿಗಳಿಗೆ ಸಿದ್ಧಾಂತದ ಉಪದೇಶ ದೊರೆತದ್ದು. ಷಟ್ಖಂಡಾಗಮದ ಅವತರಣಕ್ಕೆ ಮುನ್ನ ನಡೆದ ಪರೀಕ್ಷೆ ಹೀಗೆ ಪಾಠಶೋಧನೆಯ ಪರೀಕ್ಷೆಯೇ ಆಗಿತ್ತು. ಹತ್ತನೆಯ ಪೂರ್ವವೇ ವಿದ್ಯಾನುಪ್ರವಾದವೆಂಬುದನ್ನು ನೆನೆದರೆ, ಮಂತ್ರವಿದ್ಯೆ ಹೊರಗಿನಿಂದ ನುಸುಳಿದ್ದೆಂದು ಸಾರಾಸಗಟಾಗಿ ಹೇಳಿಬಿಡುವುದು ಸುಲಭವಲ್ಲ.

ಆಹ್ವಾನಕ್ಕೆ ಬರುವವರು ಯಾರು? ಮಧ್ಯಯುಗದ ಯುರೋಪಿನ ಮಂತ್ರಪುಸ್ತಕಗಳಲ್ಲಿ ಸ್ವರ್ಗದ ದೂತರು ಒಂದು ಕಡೆ, ದೇವದ್ರೋಹದಿಂದ ಪತನಗೊಂಡ ದುಷ್ಟಶಕ್ತಿಗಳು ಇನ್ನೊಂದು ಕಡೆ. ಜೈನ ದೃಷ್ಟಿಯಲ್ಲಿ ಈ ಗೆರೆ ಇಲ್ಲ. ತತ್ತ್ವಾರ್ಥಸೂತ್ರದ ನಾಲ್ಕನೆಯ ಅಧ್ಯಾಯ ಹೇಳುವಂತೆ ಕಿನ್ನರ, ಕಿಂಪುರುಷ, ಮಹೋರಗ, ಗಂಧರ್ವ, ಯಕ್ಷ, ರಾಕ್ಷಸ, ಭೂತ, ಪಿಶಾಚರೆಂಬ ಎಂಟು ಬಗೆಯವರೂ ವ್ಯಂತರರೇ, ದೇವಗತಿಯ ಜೀವಗಳೇ. ಪೀಡಿಸುವ ಪಿಶಾಚನೂ ಕರ್ಮಬದ್ಧ ಸಂಸಾರಿ, ಕಾಯುವ ಯಕ್ಷಿಯೂ ಸಂಸಾರಿ. ಜಿನಶಾಸನದ ಸೇವಕಿಯೆಂಬ ಕಾರಣಕ್ಕೆ ಯಕ್ಷಿಗೆ ಗೌರವವೇ ಹೊರತು ಮೋಕ್ಷದಾತೃವೆಂದಲ್ಲ. ಕಲ್ಪಕಾರರು ಈ ಮಿತಿಯನ್ನು ಅರಿತೇ ಬರೆದಿದ್ದಾರೆ.

ಕನ್ನಡನಾಡಿನಲ್ಲಿ ಕಾಲನಿರ್ದೇಶವುಳ್ಳ ಕಲ್ಪಗಳಲ್ಲಿ ಇಂದ್ರನಂದಿಯ ಜ್ವಾಲಿನೀಕಲ್ಪ ಪ್ರಮುಖವಾದುದು. ಶಕ ೮೬೧ರಲ್ಲಿ (ಕ್ರಿ.ಶ. ೯೩೯), ಅಕ್ಷಯತೃತೀಯೆಯಂದು, ಕೃಷ್ಣರಾಜನ ಆಳ್ವಿಕೆಯಲ್ಲಿ, ಮಾನ್ಯಖೇಟದಲ್ಲಿ ಇದು ಮುಗಿಯಿತೆಂದು ಗ್ರಂಥವೇ ತಿಳಿಸುತ್ತದೆ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆ ಮಾನ್ಯಖೇಟ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಪಟ್ಟವೇರಿದ್ದೂ ಅದೇ ೯೩೯ರಲ್ಲಿ. ಎರಡು ವರ್ಷ ಕಳೆದು ಪಂಪನು ತನ್ನ ಭಾರತವನ್ನು ಮುಗಿಸಿದನು.

ಗ್ರಂಥದ ಉತ್ಪತ್ತಿಕಥೆ ಸ್ವಾರಸ್ಯವಾಗಿದೆ. ದ್ರವಿಡಗಣದ ಹೇಲಾಚಾರ್ಯರು ದಕ್ಷಿಣದ ಹೇಮಗ್ರಾಮದಲ್ಲಿದ್ದರು. ಸಕಲಶಾಸ್ತ್ರಗಳನ್ನು ಬಲ್ಲ ಅವರ ಶಿಷ್ಯೆ ಕಮಲಶ್ರೀಯನ್ನು ಬ್ರಹ್ಮರಾಕ್ಷಸನೊಬ್ಬ ಹಿಡಿದನು. ಅವಳ ಅಳು, ನಗು, ಪ್ರಲಾಪಗಳನ್ನು ಕಂಡು ನೊಂದ ಆಚಾರ್ಯರು ಊರ ಬಳಿಯ ನೀಲಗಿರಿಯ ಶಿಖರವನ್ನೇರಿ ವಹ್ನಿದೇವತೆಯನ್ನು, ಎಂದರೆ ಚಂದ್ರಪ್ರಭ ತೀರ್ಥಂಕರರ ಯಕ್ಷಿಯಾದ ಜ್ವಾಲಾಮಾಲಿನಿಯನ್ನು, ಆರಾಧಿಸಿದರು. ಏಳನೆಯ ದಿನ ದೇವಿ ಪ್ರತ್ಯಕ್ಷಳಾಗಿ ಕಾರ್ಯವೇನೆಂದು ಕೇಳಿದಾಗ, ಲೌಕಿಕ ಫಲವಾವುದೂ ತಮಗೆ ಬೇಡ, ಕಮಲಶ್ರೀಯ ಗ್ರಹಮೋಕ್ಷವಷ್ಟೇ ಸಾಕೆಂದರು. ಇಷ್ಟಕ್ಕಾಗಿ ಚಿಂತೆಯೇಕೆಂದ ದೇವಿ ಕಬ್ಬಿಣದ ಪತ್ರದಲ್ಲಿ ಮಂತ್ರವನ್ನು ಬರೆದು ಕೊಟ್ಟು, ವಿಧಿಯನ್ನೂ ತಿಳಿಸಿದಳು. ಅವಳ ಆದೇಶದಂತೆ ಹೇಲಾಚಾರ್ಯರು ರಚಿಸಿದ ಮೂಲಶಾಸ್ತ್ರವನ್ನು ಇಂದ್ರನಂದಿಯು ಸುಲಭವಾಗಿ ತಿಳಿಯುವಂತೆ ಆರ್ಯಾ, ಗೀತಿ ಮೊದಲಾದ ವೃತ್ತಗಳಲ್ಲಿ ಹತ್ತು ಅಧಿಕಾರಗಳಾಗಿ ಹೊಸತಾಗಿ ಬರೆದನು. ಮಂತ್ರಿಯ ಲಕ್ಷಣ, ಗ್ರಹಗಳ ಲಕ್ಷಣ, ಮುದ್ರೆ, ಮಂಡಲಗಳಿಂದ ತೊಡಗಿ ಸ್ನಪನ, ನೀರಾಜನ, ಸಾಧನವಿಧಿಗಳವರೆಗೆ ಅದರ ವಿಸ್ತಾರ.

ಕಥೆಯ ಚಮತ್ಕಾರಕ್ಕಿಂತ ಪರಂಪರೆಯ ಪಟ್ಟಿ ಇತಿಹಾಸಕಾರನಿಗೆ ಹೆಚ್ಚು ಬೆಲೆಯುಳ್ಳದ್ದು. ಹೇಲಾಚಾರ್ಯರ ತರುವಾಯ ಗಾಂಗಮುನಿ, ನೀಲಗ್ರೀವ, ಬೀಜಾವ, ಆರ್ಯಿಕೆ ಕ್ಷಾಂತಿರಸಬ್ಬೆ, ಕ್ಷುಲ್ಲಕ ವಿರುವಟ್ಟ ಇವರ ಹೆಸರುಗಳು ಬರುತ್ತವೆ. ಅನಂತರ ಕಂದರ್ಪ, ಗುಣನಂದಿಗಳ ಮೂಲಕ ವಿದ್ಯೆ ಇಂದ್ರನಂದಿಗೆ ತಲುಪುತ್ತದೆ. ಇವರಲ್ಲಿ ಒಬ್ಬ ಆರ್ಯಿಕೆಯಿರುವುದೂ, ಅವಳ ಹೆಸರು ‘ಅಬ್ಬೆ’ಯೆಂಬ ಅಚ್ಚಗನ್ನಡ ಪದದಿಂದ ಮುಗಿಯುವುದೂ ಗಮನಾರ್ಹ. ಸ್ತ್ರೀಯೊಬ್ಬಳ ಬಾಧೆಯಿಂದ ಹುಟ್ಟಿದ ಶಾಸ್ತ್ರವು ಸ್ತ್ರೀಯೊಬ್ಬಳ ಬಾಯಿಂದಲೂ ಹಾದು ಬಂದಿದೆ. ಹೇಮಗ್ರಾಮವು ತಮಿಳುನಾಡಿನ ಪೊನ್ನೂರೆಂದು ಡಾ. ಪಿ. ಬಿ. ದೇಸಾಯಿಯವರು ಗುರುತಿಸಿದ್ದಾರೆ. ಅಲ್ಲಿಯ ಶಕ ೧೬೫೫ರ (ಕ್ರಿ.ಶ. ೧೭೩೩) ಶಾಸನವೊಂದು, ಪ್ರತಿ ಭಾನುವಾರ ಪಾರ್ಶ್ವನಾಥ ಮತ್ತು ಜ್ವಾಲಾಮಾಲಿನಿಯರ ಬಿಂಬಗಳನ್ನು ಹೇಲಾಚಾರ್ಯರ ಪೂಜೆಗಾಗಿ ನೀಲಗಿರಿಗೆ ಒಯ್ಯಬೇಕೆಂದು ವಿಧಿಸುತ್ತದೆ. ಕಲ್ಪದ ಕಥೆಗೆ ಸುಮಾರು ಎಂಟು ಶತಮಾನಗಳ ಬಳಿಕವೂ ಊರಿನ ನೆನಪು ಒತ್ತಾಸೆಯಾಗಿ ನಿಂತಿತ್ತು.

ಇಂದ್ರನಂದಿಯ ಅನಂತರದ ಶತಮಾನದಲ್ಲಿ ಮುಳುಗುಂದದ ಮಲ್ಲಿಷೇಣನು ಭೈರವಪದ್ಮಾವತೀಕಲ್ಪವನ್ನು ರಚಿಸಿದನು. ಅಜಿತಸೇನರ ಪರಂಪರೆಯ ಜಿನಸೇನರ ಶಿಷ್ಯನೂ ಉಭಯಭಾಷಾಕವಿಚಕ್ರವರ್ತಿಯೆಂಬ ಬಿರುದುಳ್ಳವನೂ ಆದ ಈತನ ಮಹಾಪುರಾಣ ಶಕ ೯೬೯ರಲ್ಲಿ (ಕ್ರಿ.ಶ. ೧೦೪೭) ಮುಳುಗುಂದದಲ್ಲಿ ಮುಗಿಯಿತು. ಭೈರವಪದ್ಮಾವತೀಕಲ್ಪದ ಮೊದಲ ಅಧಿಕಾರವು ಮಂತ್ರಿಯು ಮದನನನ್ನು ಗೆದ್ದವನೂ ಕೋಪವನ್ನು ಶಮಿಸಿದವನೂ ವಿಕಥೆಗಳನ್ನು ಬಿಟ್ಟವನೂ ಜಿನಪದಭಕ್ತನೂ ಆಗಿರಬೇಕೆನ್ನುತ್ತದೆ. ಆರನೆಯದು ಅಂಗನಾಕರ್ಷಣವನ್ನೂ, ಒಂಬತ್ತನೆಯದು ಸ್ತ್ರೀವಶ್ಯದ ಔಷಧಗಳನ್ನೂ ಹೇಳುತ್ತದೆ. ಈ ವಿರೋಧವನ್ನು ವ್ಯಾಖ್ಯಾನಚಾತುರ್ಯದಿಂದ ಮುಚ್ಚಲಾಗದು, ಮುಚ್ಚಬೇಕಾದುದೂ ಇಲ್ಲ. ರಾಜಸಭೆ, ವರ್ತಕಶ್ರೇಣಿ, ಗೃಹಸ್ಥರ ಮನೆ ಇವೆಲ್ಲ ಯತಿಯಿಂದ ಬಯಸಿದ್ದನ್ನು ಶಾಸ್ತ್ರ ದಾಖಲಿಸಿದೆ. ಯತಿಧರ್ಮ ಬಯಸಿದ್ದನ್ನೂ ಅದರ ತಲೆಯ ಮೇಲೆಯೇ ಬರೆದಿಟ್ಟಿದೆ. ಸಾಧನೆಯ ಪ್ರಮಾಣವೂ ಅಲ್ಪವಲ್ಲ. ತಾವರೆಯಿಂದಲೋ ಕೆಂಪು ಕಣಗಿಲೆಯಿಂದಲೋ ಮೂರು ಲಕ್ಷ ಜಪ. ಮಧುರತ್ರಯ ಬೆರೆಸಿದ, ಕಡಲೆಗಾತ್ರದ ಗುಗ್ಗುಳದ ಗುಳಿಗೆಗಳಿಂದ ಮೂವತ್ತು ಸಾವಿರ ಹೋಮ. ಕೊನೆಯಲ್ಲಿ ಅಗ್ನಿ, ಸೂರ್ಯ, ಚಂದ್ರ, ನಕ್ಷತ್ರ, ಆಕಾಶ, ಪರ್ವತಗಳ ಸಾಕ್ಷಿಯಾಗಿ ಮಂತ್ರವನ್ನು ಶಿಷ್ಯನಿಗೆ ಒಪ್ಪಿಸಿ, ಸಮ್ಯಕ್ತ್ವವಿಲ್ಲದವನಿಗೆ ಇದನ್ನು ಕೊಡಬಾರದೆಂದು ಕಟ್ಟುಮಾಡಲಾಗಿದೆ.

ಮಲ್ಲಿಷೇಣನ ಮಹಾಪುರಾಣ ಮುಗಿದ ಏಳು ವರ್ಷಗಳಲ್ಲೇ, ವಿಜಯಪುರಕ್ಕೆ ಪಶ್ಚಿಮದ ತಿಕೋಟಾ ಸೀಮೆಯ ಹೊನವಾಡದಲ್ಲಿ, ಶಾಸನದ ಪೊನ್ನವಾಡದಲ್ಲಿ, ಶಕ ೯೭೬ರ (ಕ್ರಿ.ಶ. ೧೦೫೪) ದಾನಶಾಸನ ಹುಟ್ಟಿತು. ಚಾಲುಕ್ಯ ಮೊದಲನೆಯ ಸೋಮೇಶ್ವರನ ರಾಣಿ ಕೇತಲದೇವಿಯ ಅಧಿಕಾರಿ ಚಾಂಕಿರಾಜನು ತ್ರಿಭುವನತಿಲಕ ಜಿನಾಲಯವನ್ನು ಕಟ್ಟಿಸಿದನು. ಅವನ ಗುರು ಸೇನಗಣದ ಪೊಗರಿಗಚ್ಛದ ಮಹಾಸೇನಮುನಿ. ಈ ಬಸದಿಯಲ್ಲಿ ಪದ್ಮಾವತೀಕಲ್ಪ ಓದಲ್ಪಟ್ಟಿತೆಂದು ಶಾಸನ ಹೇಳುವುದಿಲ್ಲ. ಆದರೆ ಕಲ್ಪಗಳು ಹುಟ್ಟಿದ ಕಾಲದಲ್ಲಿ ವಿಜಾಪುರದ ಪರಿಸರ ಇಂತಹ ಯತಿಸಂಘಗಳ ಸಂಚಾರಭೂಮಿಯಾಗಿತ್ತೆಂಬುದಕ್ಕೆ ಇಷ್ಟು ಸಾಕು.

ಐದು ಶತಮಾನಗಳ ಮೇಲೆ ಅದೇ ಪರಿಸರದಲ್ಲಿ ಪಾರಸಿ ಭಾಷೆಯ ಮತ್ತೊಂದು ಆಹ್ವಾನಗ್ರಂಥ ಸಿದ್ಧವಾಯಿತು. ಹಿಜರಿ ೯೭೮ರ (ಕ್ರಿ.ಶ. ೧೫೭೦-೭೧) ನುಜೂಮ್-ಉಲ್-ಉಲೂಮ್ ಎಂಬ ಆ ಸಚಿತ್ರ ಪ್ರತಿ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರ ಕರ್ತೃ ಒಂದನೆಯ ಅಲಿ ಆದಿಲ್‌ಷಾಹನೇ (ಆಳ್ವಿಕೆ ೧೫೫೮–೧೫೮೦) ಎಂದು ಎಮ್ಮಾ ಫ್ಲಾಟ್ ೨೦೧೧ರಲ್ಲಿ ವಾದಿಸಿದ್ದಾರೆ. ಗ್ರಹನಕ್ಷತ್ರ, ಆಯುಧ, ಆನೆಕುದುರೆಗಳ ಜೊತೆಗೆ ‘ರೂಹಾನಿ’ಗಳೆಂಬ ಶಕ್ತಿಗಳನ್ನು ವಶಪಡಿಸುವ ವಿಧಿ, ಅವುಗಳಿಗೆ ಸಲ್ಲುವ ಧೂಪದ್ರವ್ಯ ಅದರಲ್ಲಿವೆ. ರೂಹಾನಿಗಳ ಚಿತ್ರಗಳು ಭಾರತೀಯ ಯೋಗಿನಿಯರನ್ನು ಹೋಲುತ್ತವೆ. ಜೈನಕಲ್ಪಗಳಿಂದ ಇದು ನೇರವಾಗಿ ಎರವಲು ಪಡೆದಿದೆಯೆಂದು ಹೇಳುವುದು ಸಾಹಸದ ಮಾತಾದೀತು. ಧೂಪ, ಮಂಡಲ, ನಿಯಮಗಳ ಸಾಮ್ಯವಷ್ಟೇ ಸಾಲದು. ದಖ್ಖನದ ಮಂತ್ರಸಾಹಿತ್ಯವನ್ನು ಮತಭೇದವಿಲ್ಲದೆ ಒಟ್ಟಿಗಿರಿಸಿ ನೋಡುವ ಕೆಲಸ ಇನ್ನೂ ಆಗಬೇಕಾಗಿದೆ. ನುಜೂಮ್ ಹುಟ್ಟಿದ ವಿಜಾಪುರದಿಂದ ಉತ್ತರಕ್ಕೆ ಹೊರಟ ದಾರಿ ಸೊಲ್ಲಾಪುರವನ್ನು ಸೇರುತ್ತದೆ. ಯಕ್ಷಿಯರ ಆರಾಧನೆಯನ್ನು ಶಾಸನಾಧಾರದಿಂದ ವಿವೇಚಿಸಿದ ದೇಸಾಯಿಯವರ ದಕ್ಷಿಣಭಾರತದ ಜೈನಧರ್ಮದ ಗ್ರಂಥವನ್ನು ೧೯೫೭ರಲ್ಲಿ ಪ್ರಕಟಿಸಿದ್ದು ಆ ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವೇ. ಒಂದೇ ರಸ್ತೆಯ ಎರಡು ಕೊನೆಗಳಲ್ಲಿ ಬಿದ್ದಿರುವ ಸಾಮಗ್ರಿಗಳಿವು.

ಯುರೋಪಿನೊಡನೆ ಹೋಲಿಸಿದಾಗ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿಯ ಪ್ರಸಿದ್ಧ ಮಂತ್ರಪುಸ್ತಕಗಳು ಸೊಲೊಮನ್ ರಾಜನ ಹೆಸರಿನಲ್ಲೋ ಥೀಬ್ಸ್‌ನ ಹೊನೋರಿಯಸ್‌ನ ಹೆಸರಿನಲ್ಲೋ ಹರಡಿದವು. ನಿಜವಾದ ಕರ್ತೃ ಮರೆಯಲ್ಲಿಯೇ ಉಳಿದನು. ದೇವದೂತರ ಆಹ್ವಾನಕ್ಕೆ ಬದಲಾಗಿ ಶುದ್ಧ ಪ್ರಾರ್ಥನಾಗ್ರಂಥವೊಂದನ್ನು ತನ್ನ ಹೆಸರಿನಲ್ಲೇ ಬರೆದ ಫ್ರಾನ್ಸಿನ ಸನ್ಯಾಸಿ ಮೊರಿನ್ಯಿಯ ಜಾನನ ಪುಸ್ತಕವನ್ನು ೧೩೨೩ರಲ್ಲಿ ಪ್ಯಾರಿಸ್ಸಿನಲ್ಲಿ ಸುಟ್ಟರು. ಮಾನ್ಯಖೇಟದ ಯತಿಯಾದರೋ ತನ್ನ ಹೆಸರು, ಗುರು, ಊರು, ಅರಸ, ತಿಥಿ ಎಲ್ಲವನ್ನೂ ನಿಸ್ಸಂಕೋಚವಾಗಿ ಬರೆದನು. ಮಂತ್ರವಾದವು ಇಲ್ಲಿ ಹೊಣೆಯುಳ್ಳ ಶಾಸ್ತ್ರವಾಗಿತ್ತು; ಅದನ್ನು ಅಡಗಿಸುವ ನಾಚಿಕೆ ನಂತರದವರದು.

ಸಂಪಾದಕನ ಕಷ್ಟ ಬೇರೆ. ಕಾವ್ಯದಲ್ಲಿ ಅಕ್ಷರ ತಪ್ಪಿದರೆ ಅರ್ಥವೋ ಛಂದಸ್ಸೋ ಎಚ್ಚರಿಸುತ್ತದೆ. ಕ್ಷ್ಮ್ಲ್ವ್ರ್ಯೂಂ ಎಂಬಂತಹ ಪಿಂಡಾಕ್ಷರದಲ್ಲಿ ಒಂದು ಒತ್ತು ಬಿದ್ದುಹೋದರೆ ಎಚ್ಚರಿಸಲು ಅರ್ಥವೂ ಇಲ್ಲ, ವೃತ್ತವೂ ಇಲ್ಲ. ಓಲೆಯಲ್ಲಿ ಪಕಾರ ವಕಾರಗಳು ಒಂದನ್ನೊಂದು ಹೋಲುತ್ತವೆ. ಸೊನ್ನೆ ಸವೆದು ಮಾಯವಾಗುತ್ತದೆ. ಇದಕ್ಕೆ ಕಲ್ಪಕಾರರೇ ಒಂದು ಕಾಪನ್ನು ಇಟ್ಟಿದ್ದಾರೆ. ಮಂತ್ರೋದ್ಧಾರದ ಶ್ಲೋಕಗಳಲ್ಲಿ ಬೀಜಾಕ್ಷರಗಳನ್ನು ಸಂಕೇತನಾಮಗಳಿಂದ ಕ್ರಮವಾಗಿ ಹೇಳಿರುತ್ತಾರೆ; ಹ್ರೀಂಕಾರವು ಮಾಯಾಬೀಜವೆನಿಸುತ್ತದೆ. ಶ್ಲೋಕವನ್ನು ಛಂದಸ್ಸು ಕಾಯುತ್ತದೆ, ಶ್ಲೋಕವು ಮಂತ್ರವನ್ನು ಕಾಯುತ್ತದೆ. ಆದುದರಿಂದ ಪ್ರತಿಯಲ್ಲಿ ಬರೆದ ಮಂತ್ರಕ್ಕೂ ಉದ್ಧಾರಶ್ಲೋಕಕ್ಕೂ ಭೇದ ಕಂಡಲ್ಲಿ ಶ್ಲೋಕದ ಪಾಠಕ್ಕೆ ಹೆಚ್ಚಿನ ಮನ್ನಣೆ ಸಲ್ಲಬೇಕು. ೧೯೩೭ರಲ್ಲಿ ಅಹಮದಾಬಾದಿನಲ್ಲಿ ಅಚ್ಚಾದ ಭೈರವಪದ್ಮಾವತೀಕಲ್ಪವನ್ನೂ ಬಂಧುಷೇಣನ ವಿವರಣವನ್ನೂ ಮುಂದಿಟ್ಟುಕೊಂಡು, ಕನ್ನಡ ಲಿಪಿಯ ಓಲೆಪ್ರತಿಗಳನ್ನು ಈ ಕ್ರಮದಿಂದ ಶ್ಲೋಕಶ್ಲೋಕವಾಗಿ ಹೋಲಿಸಬಹುದು. ಯಂತ್ರಗಳ ದಳಗಳಲ್ಲಿ ಬರೆದ ಅಕ್ಷರಗಳನ್ನು ಬರಿಯ ಚಿತ್ರವೆಂದು ಬಿಡದೆ ಪಾಠಾಂತರಗಳಲ್ಲಿಯೇ ಸೇರಿಸಬೇಕು.