ಬೆಳ್ಳೂರಿನಿಂದ ಆ್ಯನ್ ಆರ್ಬರ್‌ವರೆಗೆ: ಬೆನ್ನುನೋವಿನ ಒಂದು ಚರಿತ್ರೆ

ನಮ್ಮ ಯಾವ ಕೋಣೆಗೆ ಹೋದರೂ ಎರಡು ವಸ್ತುಗಳು ಕಣ್ಣಿಗೆ ಬೀಳುತ್ತವೆ. ಒಂದು, ಊರಿನಿಂದ ತಂದ ಉಪ್ಪಿನಕಾಯಿ ಬಾಟಲಿ. ಇನ್ನೊಂದು, ತಲೆದಿಂಬಿನ ಪಕ್ಕದ ಪೆನಡಾಲ್ ಪಟ್ಟಿ. ಹನ್ನೆರಡು ಗಂಟೆ ಟ್ರೇಲರ್ ಓಡಿಸುವವರು, ಬಗ್ಗಿ ಟೈಲ್ಸ್ ಹಾಕುವವರು, ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವ ನಮ್ಮ ಅಕ್ಕತಂಗಿಯರು, ಕುರ್ಚಿಗೆ ಅಂಟಿಕೊಂಡು ಲೆಕ್ಕ ಬರೆಯುವವರು, ಎಲ್ಲರನ್ನೂ ಒಂದುಗೂಡಿಸುವ ವಿಷಯ ಕನ್ನಡ ಮಾತ್ರವಲ್ಲ, ಬೆನ್ನುನೋವೂ ಹೌದು. ಮೂರು ತಿಂಗಳು ಮೀರಿ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಆ ಲೆಕ್ಕದಲ್ಲಿ ನಮ್ಮಲ್ಲಿ ಎಷ್ಟೋ ಜನ ವರ್ಷಗಟ್ಟಲೆಯ ರೋಗಿಗಳು.

ಇಂಥ ನೋವಿಗೆ ಮಾತ್ರೆಯ ಜೊತೆಗೆ ‘ಮೈಂಡ್‌ಫುಲ್‌ನೆಸ್’ ಮಾಡಿ ಎಂದು ಈಗ ಅಮೆರಿಕದ ವೈದ್ಯರೇ ಹೇಳುತ್ತಾರೆ. ಹೆಸರು ಹೊಸದು. ಆದರೆ ಅದು ನಡೆದು ಬಂದ ದಾರಿ ಹುಡುಕುತ್ತ ಹೋದರೆ ಶಿಕಾಗೋ, ಡೆಟ್ರಾಯಿಟ್ ದಾಟಿ ನಮ್ಮ ಕೋಲಾರ ಜಿಲ್ಲೆಯ ಒಂದು ಹಳ್ಳಿಯೂ ಸಿಗುತ್ತದೆ. ಆ ಕಥೆಯನ್ನು ಇಲ್ಲಿ ಹೇಳುತ್ತೇವೆ.

1893ರ ಸೆಪ್ಟೆಂಬರ್ 11ರಂದು ಶಿಕಾಗೋದಲ್ಲಿ ವಿವೇಕಾನಂದರು ಮಾತನಾಡಿದ್ದು ಶಾಲಾ ಮಕ್ಕಳಿಗೂ ಗೊತ್ತು. ಅದಕ್ಕೆ ಮುಂಚಿನ ವರ್ಷ ಅವರು ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಮರುವರ್ಷ ಡೆಟ್ರಾಯಿಟ್‌ಗೂ ಹೋಗಿ ಉಪನ್ಯಾಸ ಕೊಟ್ಟರು. ಧ್ಯಾನವೆಂಬ ಮಾತು ಆ ಊರುಗಳ ಪತ್ರಿಕೆಗಳಿಗೆ ಹೀಗೆ ಬಂತು. ಆದರೆ ಅಂದು ಅದನ್ನು ಯಾರೂ ಬೆನ್ನುನೋವಿಗೆ ಔಷಧವೆಂದು ಕೇಳಿಸಿಕೊಳ್ಳಲಿಲ್ಲ.

ನೋವಿನ ಕಾರ್ಖಾನೆ ಆಮೇಲೆ ಶುರುವಾಯಿತು. 1913ರಲ್ಲಿ ಡೆಟ್ರಾಯಿಟ್ ಪಕ್ಕದ ಹೈಲ್ಯಾಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡ್ ಚಲಿಸುವ ಜೋಡಣಾ ಸಾಲನ್ನು ತಂದ. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಚಾಸಿ ಜೋಡಣೆ 93 ನಿಮಿಷಕ್ಕೆ ಇಳಿಯಿತು. ಕೆಲಸಗಾರ ನಿಂತಲ್ಲೇ ನಿಂತು ಒಂದೇ ನಟ್ಟನ್ನು ದಿನವಿಡೀ ತಿರುಗಿಸಬೇಕು. ಆ ವರ್ಷ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಶೇ. 370ಕ್ಕೆ ಮುಟ್ಟಿತು. ಅಂದರೆ ಒಂದು ಜಾಗವನ್ನು ತುಂಬಿಡಲು ವರ್ಷಕ್ಕೆ ಮೂರು ನಾಲ್ಕು ಜನ ಬೇಕಾದರು. 1914ರ ಜನವರಿಯಲ್ಲಿ ದಿನಕ್ಕೆ ಐದು ಡಾಲರ್ ಎಂದು ಘೋಷಿಸಿದ್ದಕ್ಕೆ ಉದಾರತೆಯೊಂದೇ ಕಾರಣವಲ್ಲ. ಆ ಕೂಲಿಯ ಸುದ್ದಿ ಕೇಳಿ ಲೆಬನಾನ್, ಯೆಮನ್‌ಗಳಿಂದಲೂ ಜನ ಅಲ್ಲಿಗೆ ಹಡಗು ಹತ್ತಿದರು. ಡಿಯರ್‌ಬಾರ್ನ್ ಇಂದಿಗೂ ಅರಬ್ ಊರಿನಂತಿದೆ. ನಾವು ಅರಬರ ನಾಡಿಗೆ ದುಡಿಯಲು ಬಂದೆವು. ಅರಬರು ದುಡಿಯಲು ಡೆಟ್ರಾಯಿಟ್‌ಗೆ ಹೋದರು. ಹೊಟ್ಟೆಪಾಡಿನ ನಕಾಶೆ ಹೀಗೇ ಇರುತ್ತದೆ.

ಅದೇ ಹೊತ್ತಿನಲ್ಲಿ ಶಿಕಾಗೋದಲ್ಲಿ ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯ ಬೇರೊಂದು ಕೆಲಸದಲ್ಲಿ ಮುಳುಗಿದ್ದ. ಹುಟ್ಟಿದ್ದು 1888ರಲ್ಲಿ, ಅದೇ ಊರಿನಲ್ಲಿ. ಸ್ನಾಯುಗಳು ನಮಗೆ ತಿಳಿಯದಂತೆ ಬಿಗಿದುಕೊಂಡೇ ಇರುತ್ತವೆ, ಆ ಬಿಗಿತವನ್ನು ಗುರುತಿಸಲು ಕಲಿತರೆ ಮಾತ್ರ ಬಿಡಲು ಸಾಧ್ಯ ಎಂಬುದು ಅವನ ವಾದ. ಮೊದಲ ಪಾಠ ತೀರ ಸರಳ. ಅಂಗಾತ ಮಲಗಿ, ಅಂಗೈಯನ್ನು ಮಣಿಕಟ್ಟಿನಲ್ಲಿ ಹಿಂದಕ್ಕೆ ಬಾಗಿಸಿ, ಮುಂಗೈಯಲ್ಲಿ ಏಳುವ ಸಣ್ಣ ಬಿಗಿತವನ್ನು ಗಮನಿಸಬೇಕು. ಆಮೇಲೆ ಕೈ ಬಿಡಬೇಕು. ಅಷ್ಟೇ. ಹೀಗೆ ಕಾಲು, ಹೊಟ್ಟೆ, ಕುತ್ತಿಗೆ, ಹಣೆ, ಕಣ್ಣು ಎಂದು ತಿಂಗಳುಗಟ್ಟಲೆ ಅಭ್ಯಾಸ. 1929ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಪ್ರಕಾಶನ ಅವನ ‘ಪ್ರೊಗ್ರೆಸಿವ್ ರಿಲ್ಯಾಕ್ಸೇಶನ್’ ಪುಸ್ತಕ ತಂದಿತು. ಶವಾಸನ ಮಾಡಿದವರಿಗೆ ಇದು ಪರಿಚಿತ ಎನಿಸುತ್ತದೆ. ಆದರೆ ಜೇಕಬ್‌ಸನ್ ಯೋಗಿಯಲ್ಲ. ಸ್ನಾಯುವಿನ ವಿದ್ಯುತ್ತನ್ನು ಯಂತ್ರದಿಂದ ಅಳೆಯುತ್ತಿದ್ದ ಪ್ರಯೋಗಾಲಯದ ಮನುಷ್ಯ.

ಇನ್ನು ನಮ್ಮವರ ಕಥೆ. ನರಸಾಪುರದ ಹತ್ತಿರದ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಊರೂರನ್ನು ಬಡಿಯುತ್ತಿದ್ದಾಗ, ಒಂದು ಮಗು ಹುಟ್ಟಿತು. ಸುಂದರರಾಜ ಎಂದು ಹೆಸರು. ಬಾಲ್ಯವೆಲ್ಲ ಮಲೇರಿಯಾ, ಟೈಫಾಯಿಡ್, ಕ್ಷಯ. ಒಂಬತ್ತರ ಹೊತ್ತಿಗೆ ತಂದೆಯೂ ಇಲ್ಲ. 1934ರಲ್ಲಿ ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರು ಹುಡುಗನನ್ನು ಮೈಸೂರಿಗೆ ಕರೆಸಿದರು. ಅವರು ಮಹಾರಾಜರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಬಗ್ಗಿದರೆ ಬೆರಳು ಮಂಡಿಯಿಂದ ಕೆಳಗಿಳಿಯದ ಸೊಣಕಲು ಹುಡುಗ. ಗುರುಗಳು ಕಠಿಣ. ನೋವು ಎಂದರೇನೆಂದು ಆತ ಕಲಿತದ್ದು ಪುಸ್ತಕದಿಂದಲ್ಲ. 1937ರಲ್ಲಿ ಪುಣೆಗೆ ಯೋಗ ಕಲಿಸಲು ಹೋದರು. ಭಾಷೆ ಬಾರದು, ಕೈಯಲ್ಲಿ ಕಾಸಿಲ್ಲ. ಪರಊರಿನ ಮೊದಲ ವರ್ಷಗಳ ಆ ಪಾಡನ್ನು ನಮಗೆ ಬಿಡಿಸಿ ಹೇಳಬೇಕಿಲ್ಲ.

ಅವರೇ ಬಿ.ಕೆ.ಎಸ್. ಅಯ್ಯಂಗಾರ್. 1952ರಲ್ಲಿ ಬೊಂಬಾಯಿಯಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರನ್ನು ಭೇಟಿಯಾದರು. ಆಗ ಮೆನುಹಿನ್ ದಣಿದು ಹೋಗಿದ್ದರು, ನಿದ್ದೆ ಬಾರದು, ಮೈಕೈಯೆಲ್ಲ ಬಿಗಿ. ಯೋಗದಿಂದ ಸುಧಾರಿಸಿಕೊಂಡ ಅವರು ತಮ್ಮ ಅತ್ಯುತ್ತಮ ಪಿಟೀಲು ಗುರು ಎಂದು ಬರೆಸಿ ಅಯ್ಯಂಗಾರರಿಗೆ ಕೈಗಡಿಯಾರ ಕೊಟ್ಟರು.

ಡೆಟ್ರಾಯಿಟ್‌ನಿಂದ ಸುಮಾರು 70 ಕಿಲೋಮೀಟರ್ ಪಶ್ಚಿಮಕ್ಕೆ ಆ್ಯನ್ ಆರ್ಬರ್ ಎಂಬ ವಿಶ್ವವಿದ್ಯಾಲಯದ ಊರಿದೆ. ಅಲ್ಲಿನ ಮೇರಿ ಪಾಮರ್ ಎಂಬ ಗೃಹಿಣಿ ಅಯ್ಯಂಗಾರರ ಶಿಷ್ಯೆಯಾದರು. ಅವರ ಮನೆ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ್ದು, ಅದೂ ಪ್ರಸಿದ್ಧ. 1973ರಲ್ಲಿ ಅವರ ಒತ್ತಾಸೆಯಿಂದ ಅಯ್ಯಂಗಾರರು ಆ್ಯನ್ ಆರ್ಬರ್‌ಗೆ ಹೋಗಿ ವೈಎಂಸಿಎಯಲ್ಲಿ ಪಾಠ ಮಾಡಿದರು. ಅಮೆರಿಕದಲ್ಲಿ ಅಯ್ಯಂಗಾರ್ ಯೋಗ ಬೇರೂರಿದ ಮೊದಲ ಊರುಗಳಲ್ಲಿ ಅದೊಂದು. ಬೆಳ್ಳೂರಿನ ಮನುಷ್ಯ ಮೋಟಾರು ನಗರದ ಪಕ್ಕದಲ್ಲಿ ನಿಂತು ಮಂಡಿಚಿಪ್ಪನ್ನು ಮೇಲೆತ್ತುವುದು ಹೇಗೆ, ಕಿರುಬೆರಳು ನೆಲದಲ್ಲಿ ಎಲ್ಲಿದೆ ಎಂದು ಗದರಿ ಕೇಳುತ್ತಿದ್ದರು. ಗದರುವುದು ಅವರ ಸ್ವಭಾವ; ಅದು ಎಲ್ಲರಿಗೂ ಹಿಡಿಸಿತೆಂದು ನಾವೂ ಹೇಳುವುದಿಲ್ಲ. ಆದರೆ ಬಾಗದವನಿಗೆ ಕುರ್ಚಿ, ಮಲಗಲಾಗದವನಿಗೆ ಕಂಬಳಿ, ಕೈ ಎಟುಕದವನಿಗೆ ಹಗ್ಗ ಮತ್ತು ಇಟ್ಟಿಗೆ ಕೊಟ್ಟು, ನೋವಿರುವ ಮೈಯೂ ಕಲಿಯಬಲ್ಲದು ಎಂದು ತೋರಿಸಿದವರು ಅವರು. 1979ರಲ್ಲಿ ಸ್ಕೂಟರ್ ಅಪಘಾತದಿಂದ ಅವರ ಬೆನ್ನು, ಭುಜಗಳೇ ಜಖಂ ಆದವು. ಅರವತ್ತು ದಾಟಿದ ಮೇಲೆ ಆಸನಗಳನ್ನು ಮೊದಲಿನಿಂದ ಕಲಿತರು.

ಅದೇ 1979ರಲ್ಲಿ ಪೂರ್ವದ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಆಸ್ಪತ್ರೆಯಲ್ಲಿ ಜಾನ್ ಕಬಾಟ್-ಜಿನ್, ವೈದ್ಯರು ಕೈಚೆಲ್ಲಿದ ರೋಗಿಗಳನ್ನು ಕೂಡಿಸಿ ತರಗತಿ ಆರಂಭಿಸಿದರು. ಬೌದ್ಧರ ಧ್ಯಾನ, ಒಂದಿಷ್ಟು ಹಠಯೋಗ, ಅಂಗಾತ ಮಲಗಿ ಕಾಲ್ಬೆರಳಿನಿಂದ ನೆತ್ತಿಯವರೆಗೆ ಮೈಯನ್ನು ಮನಸ್ಸಿನಲ್ಲೇ ಸುತ್ತಿಬರುವುದು. ನೋವನ್ನು ಓಡಿಸುವುದು ಗುರಿಯಲ್ಲ. ಚುಚ್ಚುವ, ಉರಿಯುವ ಅನುಭವ ಒಂದು. ‘ಇನ್ನು ನನ್ನ ಕೈಲಾಗದು, ಕೆಲಸ ಹೋದರೆ ಮನೆಯ ಸಾಲ ಏನಾಗುತ್ತದೆ’ ಎಂಬ ಹೆದರಿಕೆ ಇನ್ನೊಂದು. ಎರಡನ್ನೂ ಬೇರ್ಪಡಿಸಿ ನೋಡುವುದೇ ಅಭ್ಯಾಸ. 1982ರಲ್ಲಿ 51 ರೋಗಿಗಳ ಮೊದಲ ವರದಿ ಬಂತು.

ಶಿಕಾಗೋಕ್ಕೆ ಇದನ್ನು ತಂದವರು ಜಾರ್ಜ್ ಮಮ್‌ಫೋರ್ಡ್. ಬ್ಯಾಸ್ಕೆಟ್‌ಬಾಲ್ ಆಡುತ್ತ ಗಾಯಗೊಂಡು, ನೋವು ಮರೆಯಲು ಹೆರಾಯಿನ್ ಹಿಡಿದು, ಧ್ಯಾನದಿಂದ ಹೊರಬಂದವರು. 1993ರಲ್ಲಿ ತರಬೇತುದಾರ ಫಿಲ್ ಜಾಕ್ಸನ್ ಅವರನ್ನು ಶಿಕಾಗೋ ಬುಲ್ಸ್ ತಂಡಕ್ಕೆ ಕರೆಸಿದರು. ಮೈಕಲ್ ಜೋರ್ಡನ್ ತಂಡ 1996ರಿಂದ ಸತತ ಮೂರು ವರ್ಷ ಗೆದ್ದಿತು. ಗೆದ್ದದ್ದು ಧ್ಯಾನದಿಂದಲೇ ಎನ್ನುವುದು ಅತಿಯಾದೀತು, ಜೋರ್ಡನ್ ಇದ್ದರಲ್ಲ!

ಫಲ ಎಷ್ಟು? 2016ರಲ್ಲಿ ಸಿಯಾಟಲ್‌ನ 342 ಬೆನ್ನುನೋವಿನ ರೋಗಿಗಳ ಅಧ್ಯಯನ ಪ್ರಕಟವಾಯಿತು. ಆರು ತಿಂಗಳ ನಂತರ ಓಡಾಟ, ಕೆಲಸಗಳಲ್ಲಿ ಗಮನಾರ್ಹವಾಗಿ ಸುಧಾರಿಸಿದವರು ಮೈಂಡ್‌ಫುಲ್‌ನೆಸ್ ಗುಂಪಿನಲ್ಲಿ ಶೇ. 60ರಷ್ಟು, ಮಾಮೂಲಿ ಚಿಕಿತ್ಸೆಯಲ್ಲಿ ಶೇ. 44ರಷ್ಟು. ಪವಾಡವಲ್ಲ, ಕಡೆಗಣಿಸುವಂಥದ್ದೂ ಅಲ್ಲ. ನೋವಿನ ಮಾತ್ರೆಗಳ ಚಟದಿಂದ ಅಮೆರಿಕ ನರಳುತ್ತಿದ್ದ 2017ರಲ್ಲಿ ಅಲ್ಲಿನ ವೈದ್ಯರ ಕಾಲೇಜು, ದೀರ್ಘಕಾಲದ ಬೆನ್ನುನೋವಿಗೆ ಮೊದಲು ಮಾತ್ರೆಯಿಲ್ಲದ ದಾರಿಗಳನ್ನು ನೋಡಿ ಎಂದಿತು. ಆ ಪಟ್ಟಿಯಲ್ಲಿ ವ್ಯಾಯಾಮದೊಂದಿಗೆ ಮೈಂಡ್‌ಫುಲ್‌ನೆಸ್, ಯೋಗ, ಜೇಕಬ್‌ಸನ್‌ನ ಸ್ನಾಯು ಸಡಿಲಿಕೆ ಮೂರೂ ಇದ್ದವು.

ಅದೇ ವರ್ಷ ಡೆಟ್ರಾಯಿಟ್‌ನಿಂದ ಒಂದು ತಕರಾರೂ ಬಂತು. ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಕ್ ಲಮ್ಲಿ ಮತ್ತು ಅದೇ ಪ್ರದೇಶದ ವೈದ್ಯ ಹೊವರ್ಡ್ ಶುಬಿನರ್, ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾದ 230 ರೋಗಿಗಳ ಅಧ್ಯಯನ ಪ್ರಕಟಿಸಿದರು. ನೋವನ್ನು ಸುಮ್ಮನೆ ನೋಡುತ್ತ ಕೂರುವುದು ಕೆಲವರಿಗೆ ಸಾಲದು, ಅದರಡಿಯಲ್ಲಿ ನುಂಗಿಕೊಂಡ ಸಿಟ್ಟು, ದುಃಖಗಳನ್ನು ಬಾಯಿಬಿಟ್ಟು ಹೇಳಬೇಕು ಎಂಬುದು ಅವರ ನಿಲುವು. ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಇದು. ತಂದೆಯ ಅಂತ್ಯಕ್ರಿಯೆಯನ್ನು ಮೊಬೈಲಿನಲ್ಲಿ ನೋಡಿ, ಮುಖ ತೊಳೆದು, ಎರಡನೇ ಶಿಫ್ಟಿಗೆ ಬಸ್ಸು ಹತ್ತಿದವರು ನಮ್ಮ ನಡುವೆ ಇದ್ದಾರೆ. ಅವರ ಸೊಂಟನೋವಿಗೆ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ‘ನಾಟಕ’ ಎಂದು ಮೇಸ್ತ್ರಿ ಹೇಳಿದರೆ, ಕೆಲವೊಮ್ಮೆ ಜೊತೆಯವರೂ ನಕ್ಕಿದ್ದೇವೆ. ಹಾಗೆ ನಕ್ಕದ್ದು ತಪ್ಪು. ನೋವು ನಿಜ, ಎಕ್ಸ್‌ರೇ ಎಲ್ಲವನ್ನೂ ಹಿಡಿಯುವುದಿಲ್ಲ.

ಎರಡು ಎಚ್ಚರಿಕೆ. ಕಾಲು ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರದೊಂದಿಗೆ ಬೆನ್ನು ನೋಯುತ್ತಿದ್ದರೆ ಧ್ಯಾನಕ್ಕೆ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಮತ್ತೆ, ಐವತ್ತು ಕಿಲೋ ಚೀಲವನ್ನು ಒಬ್ಬನೇ ಎತ್ತಬೇಕಾದ ಕೆಲಸವನ್ನು ಉಸಿರಾಟದ ಅಭ್ಯಾಸ ಸರಿಪಡಿಸುವುದಿಲ್ಲ. ಅದಕ್ಕೆ ಟ್ರಾಲಿ ಬೇಕು, ಇನ್ನೊಬ್ಬ ಆಳು ಬೇಕು. ‘ಮೈಮರೆತು ದುಡಿದ’ ಎನ್ನುವುದು ಕನ್ನಡದಲ್ಲಿ ಹೊಗಳಿಕೆ. ಆ ಹೊಗಳಿಕೆಗೆ ಸೊಂಟ ತೆತ್ತವರು ಬಹಳ.

ಅಯ್ಯಂಗಾರರು 2014ರ ಆಗಸ್ಟ್ 20ರಂದು ಪುಣೆಯಲ್ಲಿ ತೀರಿಕೊಂಡರು. ಹುಟ್ಟೂರಿಗೆ ಶಾಲೆ, ಆಸ್ಪತ್ರೆ ಕಟ್ಟಿಸಿಕೊಟ್ಟಿದ್ದರು. ರಜೆಯಲ್ಲಿ ಬೆಂಗಳೂರಿನಿಂದ ಕೋಲಾರದ ಕಡೆ ಹೋದರೆ ಬೆಳ್ಳೂರು ನೋಡಿ ಬನ್ನಿ. ಪಕ್ಕದ ನರಸಾಪುರದಲ್ಲಿ ಈಗ ಹೋಂಡಾ ಸ್ಕೂಟರ್‌ಗಳ, ಐಫೋನ್‌ಗಳ ಜೋಡಣಾ ಸಾಲುಗಳಿವೆ. ಶಿಫ್ಟ್ ಮುಗಿದಾಗ ಸಾಲುಸಾಲಾಗಿ ಬಸ್ಸುಗಳು ಹೊರಡುತ್ತವೆ. ಕಿಟಕಿಗೊರಗಿದ ಹುಡುಗ ಹುಡುಗಿಯರು ಕುತ್ತಿಗೆ ನೀವಿಕೊಳ್ಳುತ್ತಿರುತ್ತಾರೆ.